ದಾರಿ ಪಕ್ಕದ ಸೀಟು

ದುವ್ವಾಡದಲ್ಲಿ ಬೆಳಗಿನ ರೈಲು ಹತ್ತಿ ತನ್ನ ಸೀಟು ಹುಡುಕಿ, ಅದು ಮೂವರು ಕೂರುವ ಸಾಲಿನ ನಡುವಿನದು ಎಂದು ಕಂಡಾಗ ಶೇಷಗಿರಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಹೀಗೇ ಆಗಬೇಕು ನನಗೆ ಅಂದುಕೊಂಡ. ಕಿಟಕಿಯ ಕಡೆ ಒಬ್ಬ ದಪ್ಪ ಮನುಷ್ಯ ಆಗಲೇ ನಿದ್ದೆ ಹೋಗಿದ್ದ. ದಾರಿಯ ಕಡೆ ಒಬ್ಬಾಕೆ ಮಡಿಲಲ್ಲಿ ಸ್ಟೀಲಿನ ಕ್ಯಾರಿಯರ್ ಇಟ್ಟುಕೊಂಡು, ಅದನ್ನು ಯಾರೋ ಕಸಿಯಲು ಬರುತ್ತಾರೆಂಬಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವರಿಬ್ಬರ ನಡುವೆ ಶೇಷಗಿರಿ ಮೈ ಕುಗ್ಗಿಸಿ ಕೂತ. ಮೊಣಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ವಿಜಯವಾಡಕ್ಕೆ ಆರು ಗಂಟೆ, ಹೆಂಡತಿಯದು ಹದಿನೈದು ಗಂಟೆ. ರೈಲು ಹೊರಟು ಅನಕಾಪಲ್ಲಿ ದಾಟುವಷ್ಟರಲ್ಲಿ ಈ ಲೆಕ್ಕವನ್ನು ಅವನು ಹತ್ತು ಸಲವಾದರೂ ಮಾಡಿದ್ದ. ಆರು ಗಂಟೆ ಕೂತರೆ ಹದಿನೈದು ಗಂಟೆಯ ಪಾಪದಲ್ಲಿ ಎಷ್ಟು ಕಳೆಯುತ್ತದೆ ಎಂದು ಯಾರಾದರೂ ಹೇಳುವವರಿದ್ದರೆ ಕೇಳುತ್ತಿದ್ದ. ಅವನ ಹೆಂಡತಿ ಹೈಮಾವತಿ ಈ ದಿನ ಸಂಜೆ ಗನ್ನವರದಿಂದ ಹೈದರಾಬಾದಿಗೆ, ಅಲ್ಲಿಂದ ದೋಹಾಕ್ಕೆ, ದೋಹಾದಿಂದ ಬ್ರೆಜಿಲ್‌ಗೆ ಹೋಗುವವಳಿದ್ದಳು. ಆ ಕೊನೆಯ ಹಾರಾಟದಲ್ಲಿ ಅವಳ ಸೀಟು ನಲವತ್ತೆರಡು ಇ: ವಿಮಾನದ ಕೊನೆಯ ಸಾಲು, ಮೂರರ ನಡುವಿನದು, ಬೆನ್ನು ಹಿಂದಕ್ಕೆ ವಾಲದ್ದು. ಅದನ್ನು ಆರಿಸಿದವನು ಶೇಷಗಿರಿ.

ವಿಮಾನದ ಸೀಟುಗಳ ವಿಷಯದಲ್ಲಿ ಶೇಷಗಿರಿಗೆ ತಿಳಿಯದ್ದು ಏನೂ ಇರಲಿಲ್ಲ ಎನ್ನುವುದೇ ಇದರಲ್ಲಿ ಹೆಚ್ಚಿನ ನಾಚಿಕೆಯ ಸಂಗತಿ. ಯಾವ ವಿಮಾನದಲ್ಲಿ ಯಾವ ಸಾಲಿನ ಕಿಟಕಿ ಸೀಟಿಗೆ ಕಿಟಕಿಯೇ ಇರುವುದಿಲ್ಲ, ಯಾವ ಸೀಟಿನ ಕಾಲಬುಡದಲ್ಲಿ ಡಬ್ಬಿಯೊಂದು ಅಡ್ಡ ಇರುತ್ತದೆ, ಮೂರು-ಮೂರು-ಮೂರರ ಸಾಲಿನಲ್ಲಿ ಅಳುವ ಮಗುವಿನ ತೊಟ್ಟಿಲು ಎಲ್ಲಿ ನೇತುಹಾಕುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಅವನು ಸ್ವತಃ ಹತ್ತಿದ್ದು ಮಾತ್ರ ವಿಶಾಖಪಟ್ಟಣದಿಂದ ಹೈದರಾಬಾದಿನ ವಿಮಾನ, ಅದೂ ಎರಡು ಸಲ. ಒಂಬತ್ತು ವರ್ಷದ ಹಿಂದೆ ಅಚ್ಯುತಾಪುರಂನ ಔಷಧ ಕಾರ್ಖಾನೆಯವರು ಅವನನ್ನು ಮೆಕ್ಸಿಕೊಗೆ ಕಳಿಸುತ್ತೇವೆ ಎಂದಿದ್ದರು. ಅವನು ಪಾಸ್‌ಪೋರ್ಟ್ ಮಾಡಿಸಿ, ಸೀಟುಗಳ ನಕ್ಷೆಯನ್ನು ದಿನವೂ ನೋಡಿ ನೋಡಿ ಕಲಿತಿದ್ದ. ಕೊನೆಗೆ ಹೋದದ್ದು ಅವನ ಕೈಕೆಳಗಿನ ಅನಿಲ್‌ಕುಮಾರ್. ನಿಮ್ಮದು ಲ್ಯಾಬಿನ ಕೈ ಸಾರ್, ಅಲ್ಲಿ ಮಾತಾಡುವವರು ಬೇಕು ಎಂದು ಮ್ಯಾನೇಜರ್ ಬೆನ್ನು ತಟ್ಟಿದ್ದರು. ಅನಿಲ್‌ಕುಮಾರ್ ತಿರುಗಿ ಬಂದು ಕಂಪನಿ ಬಸ್ಸಿನಲ್ಲಿ ಪ್ರಯಾಣದ ವರ್ಣನೆ ಮಾಡುತ್ತಿದ್ದಾಗ ಶೇಷಗಿರಿ, ಅಲ್ಲಪ್ಪ, ಆ ವಿಮಾನದಲ್ಲಿ ಹದಿನೆಂಟನೇ ಸಾಲಿನ ಹಿಂದೆ ಬಾಗಿಲು ಬರೋದಿಲ್ಲ ಎಂದು ತಿದ್ದಿದ. ಅನಿಲ್‌ಕುಮಾರ್ ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ತಿಳಿಯದೆ, "ನೀವು ಯಾವಾಗ ಹೋಗಿದ್ರಿ ಸಾರ್?" ಎಂದು ಕೇಳಿಬಿಟ್ಟ. ಬಸ್ಸಿನಲ್ಲಿ ನಲವತ್ತು ಜನ. ಈಗ ಆ ಪಾಸ್‌ಪೋರ್ಟ್ ಒಂದೂ ಮೊಹರು ಬೀಳದೆ ಅವಧಿ ಮುಗಿಯುವ ಹಂತಕ್ಕೆ ಬಂದಿತ್ತು.

ಹೈಮಾವತಿ ಗಾಜುವಾಕದ ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅದರ ಜೊತೆಗೆ ಹದಿನೆಂಟು ವರ್ಷದಿಂದ ಮಕ್ಕಳ ಚೆಸ್ ಪಂದ್ಯಗಳಲ್ಲಿ ಆರ್ಬಿಟರ್, ಅಂದರೆ ಮೇಜುಗಳ ನಡುವೆ ಸದ್ದಿಲ್ಲದೆ ಓಡಾಡುತ್ತ ಕಳ್ಳಾಟ ಹಿಡಿದು ತೀರ್ಪು ಕೊಡುವವಳು. ಅದನ್ನು ಶೇಷಗಿರಿ ಭಾನುವಾರದ ಹವ್ಯಾಸ ಎಂದುಕೊಂಡಿದ್ದ. ಪಂದ್ಯಗಳಿಂದ ಅವಳು ತರುತ್ತಿದ್ದ ಬೊಕೆ, ಶಾಲು, ಗೋಡೆ ಗಡಿಯಾರಗಳನ್ನು ನೋಡಿ ತಮಾಷೆ ಮಾಡುತ್ತಿದ್ದ. ಈಗ ಬ್ರೆಜಿಲ್‌ನಲ್ಲಿ ನಡೆಯುವ ಮಕ್ಕಳ ವಿಶ್ವಪಂದ್ಯಕ್ಕೆ ಅವಳನ್ನು ಕರೆದಿದ್ದರು. ಐವತ್ತೆರಡು ವರ್ಷದವಳನ್ನು, ಹನ್ನೆರಡು ದಿನಕ್ಕೆ, ಇಕಾನಮಿ ಟಿಕೆಟ್ ಕೊಟ್ಟು. ಪತ್ರ ಬಂದ ದಿನ ಅವನು ಸಂತೋಷಪಟ್ಟಿದ್ದ, ಸುಳ್ಳಲ್ಲ. ಸ್ವೀಟು ತಂದಿದ್ದ. ಸ್ವೀಟು ತಿನ್ನುವಾಗಲೇ ಅವನು ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತದ್ದೂ ಸುಳ್ಳಲ್ಲ. ಒಂದು ವಾರದ ಹಿಂದೆ ಅವಳು ರಾಜ್ಯ ಮಟ್ಟದ ಪಂದ್ಯವೊಂದಕ್ಕೆಂದು ವಿಜಯವಾಡದ ತವರಿಗೆ ಹೋದಳು. ಅಲ್ಲಿಂದಲೇ ಬ್ರೆಜಿಲ್‌ಗೆ ಹೊರಡುವುದೆಂದು ಮಾತಾಗಿತ್ತು. ಹೋಗುವಾಗ ಸೀಟು ಆರಿಸುವ ಕೆಲಸ ಅವನಿಗೆ ಒಪ್ಪಿಸಿದ್ದಳು. ಅವಳೇ ಫೋನಿನಲ್ಲಿ ಮಾಡಿಕೊಳ್ಳಬಹುದಿತ್ತು. ಆದರೆ, "ನಿಮಗೆ ಇದು ಇಷ್ಟ ಅಲ್ವಾ, ನೀವೇ ಮಾಡಿ," ಎಂದು ನಕ್ಕು, ಟಿಕೆಟ್‌ಗೆ ಅವನ ನಂಬರನ್ನೇ ಕೊಟ್ಟಿದ್ದಳು. ಸಂತೆಯಲ್ಲಿ ಅಳುವ ಮಗುವಿಗೆ ಪೀಪಿ ಕೊಡಿಸಿದಂತೆ ಎಂದು ಆಗಲೇ ಅವನಿಗೆ ಅನ್ನಿಸಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಸೀಟುಗಳು ತೆರೆಯುತ್ತವೆ, ದಾರಿ ಪಕ್ಕದ್ದೇ ಸಿಗಬೇಕು. ಅವಳು ಕೇಳಿದ್ದು ಅಷ್ಟೇ.

ಯಾಕೆ ದಾರಿ ಪಕ್ಕದ್ದು ಎನ್ನುವುದು ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ ಮೇಲೆ ಹೈಮಾವತಿಗೆ ಮೂತ್ರ ತಡೆದುಕೊಳ್ಳುವುದು ಕಷ್ಟ. ಬಂತು ಅಂದರೆ ಎದ್ದು ಹೋಗಲೇಬೇಕು. ಹೋದ ವರ್ಷ ಏಲೂರಿನ ಪಂದ್ಯವೊಂದರಲ್ಲಿ ಇಬ್ಬರು ಹುಡುಗಿಯರ ಜಗಳ ಬಿಡಿಸುತ್ತ ಮೇಜಿನಿಂದ ಏಳಲಾಗದೆ ಕುರ್ಚಿ ಒದ್ದೆಯಾಗಿತ್ತು. ಅವಳು ಒಂದು ಕ್ಷಣವೂ ತಡಮಾಡದೆ ತನ್ನ ನೀರಿನ ಬಾಟಲಿಯನ್ನು ತಾನೇ ಮಡಿಲಿಗೆ ಬೀಳಿಸಿಕೊಂಡು, ಅಯ್ಯೋ ಎಂದು ಎಲ್ಲರ ಜೊತೆ ತಾನೂ ನಕ್ಕಿದ್ದಳು. ರಾತ್ರಿ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತು, ಅದನ್ನು ಶೇಷಗಿರಿಗೆ ಹೇಳಿದ್ದಳು. ತನ್ನ ತಾಯಿಗೂ ಹೇಳಿರಲಿಲ್ಲ. ಆ ದಿನ ಅವಳ ತಲೆ ಸವರುತ್ತ ಶೇಷಗಿರಿಗೆ ಹೆಮ್ಮೆಯೇ ಆಗಿತ್ತು. ಇವಳ ಇಷ್ಟು ದೊಡ್ಡ ಗುಟ್ಟಿಗೆ ನಾನೊಬ್ಬನೇ ವಾರಸುದಾರ ಎಂದು. ಈಗ ರೈಲಿನಲ್ಲಿ ಆ ಹೆಮ್ಮೆಯ ನೆನಪಾಗಿ, ಪಕ್ಕದವರಿಗೆ ಕೇಳಿಸುವಂತೆ ಅವನು ಛೇ ಅಂದ. ಕ್ಯಾರಿಯರಿನಾಕೆ ತಿರುಗಿ ನೋಡಿದಳು.

ಇನ್ನು ಅವಸರ ಎಂಬ ಮಾತಿನ ಕತೆ. ಇಪ್ಪತ್ತಾರು ವರ್ಷದ ಹಿಂದೆ, ಮದುವೆಯ ದಿನ ಸಂಜೆ, ವಿಜಯವಾಡದ ಕಲ್ಯಾಣಮಂಟಪದಲ್ಲಿ ಅವನು ಬಚ್ಚಲು ಹುಡುಕುತ್ತ ಮಹಡಿಯ ಕಡೆ ಹೊರಟಾಗ ಅತ್ತೆ ಕೋಟೇಶ್ವರಮ್ಮ ಯಾರನ್ನೋ ಕರೆದು, "ಅಲ್ಲುಡುಗಾರಿಕಿ ಏಂ ಅವಸರಮೋ ಚೂಡು," ಅಂದಿದ್ದರು. ಅಳಿಯಂದಿರಿಗೆ ಏನು ಬೇಕೋ ನೋಡು ಎಂದು ಅದರ ಅರ್ಥ. ತೆಲುಗಿನಲ್ಲಿ ಅವಸರ ಎಂದರೆ ಅಗತ್ಯ. ಹಿರಿಯೂರಿನಿಂದ ಬಂದ ಮದುಮಗ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡ: ಅಳಿಯನಿಗೆ ಏನು ಆತುರವೋ ನೋಡು! ಹೆಂಡತಿಯ ಕೋಣೆ ಆ ಮಹಡಿಯಲ್ಲೇ ಇತ್ತು. ಅವನು ಕೆಂಪಗಾಗಿ, ಇಲ್ಲ ಇಲ್ಲ, ನನಗೇನೂ ಅವಸರ ಇಲ್ಲ ಎನ್ನುತ್ತ ಬಂದು ಕುರ್ಚಿಯಲ್ಲಿ ಕೂತು ಎರಡು ಗಂಟೆ ಎದ್ದಿರಲಿಲ್ಲ. ಆಮೇಲೆ ವಿಷಯ ತಿಳಿದು ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂದಿಗೂ ಯಾವ ಹಬ್ಬದಲ್ಲೂ ಆ ಕತೆ ತಪ್ಪುವುದಿಲ್ಲ. ಹೈಮಾವತಿ ಅವನ ತಾಯಿ ಜಯಮ್ಮನಿಂದ ಹಿರಿಯೂರಿನ ಕನ್ನಡವನ್ನೇ ಚೆನ್ನಾಗಿ ಕಲಿತಳು. ಬೇಕು ಎನ್ನುವುದು ಅವಳಿಗೆ ಯಾವತ್ತೋ ಬಂದಿತ್ತು. ಆದರೆ ಬೇಕು ಎಂದು ಅವಳು ಕಾಫಿಗೆ, ಸೀರೆಗೆ, ಸಿನಿಮಾಕ್ಕೆ ಅನ್ನುವಳು. ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥದಕ್ಕೆ ಮಾತ್ರ ಅವಳ ಬಾಯಲ್ಲಿ ಅವಸರ ಎಂದೇ ಬರುತ್ತಿತ್ತು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನಿಗೆ ಆ ವ್ಯತ್ಯಾಸ ತನ್ನ ಅಂಗೈಯಷ್ಟು ಪರಿಚಯ.

ಬುಧವಾರ ಕ್ಯಾಂಟೀನಿನಲ್ಲಿ ಕೂತು ಅವನು ಫೋನ್ ತೆರೆದಾಗ ಹನ್ನೊಂದು ಗಂಟೆ. ದಾರಿ ಪಕ್ಕದ ಸೀಟುಗಳು ಏಳೋ ಎಂಟೋ ಖಾಲಿ ಇದ್ದವು. ಇಪ್ಪತ್ತಾರು ಸಿ ಅವನ ಮೆಚ್ಚಿನದು. ಎರಡು ಸಾಲು ಮುಂದೆ ಶೌಚಾಲಯ, ವಾಸನೆ ಬರದಷ್ಟು ದೂರ, ನಾಲ್ಕೇ ಹೆಜ್ಜೆ. ಒಂಬತ್ತು ವರ್ಷ ಹಿಂದೆ ತನಗೆಂದು ಆರಿಸಿಟ್ಟುಕೊಂಡದ್ದೂ ಅಂಥದೇ ಸೀಟು. ಅದರ ಮೇಲೆ ಬೆರಳಿಟ್ಟ. ಖಚಿತವೇ ಎಂದು ಫೋನ್ ಕೇಳಿತು. ಆಗ ಅವನಿಗೆ ಆ ಸೀಟಿನಲ್ಲಿ ಕಾಲು ಚಾಚಿ ಕೂತ ಹೈಮಾವತಿ ಕಂಡಳು. ತಿರುಗಿ ಬಂದು ಅವಳು ಪ್ರಯಾಣದ ವರ್ಣನೆ ಮಾಡುವುದು, ತಾನು ಏನೋ ತಿದ್ದಲು ಹೋಗುವುದು, ಅವಳು ಕನಿಕರದಿಂದ ಸುಮ್ಮನಾಗುವುದು ಕಂಡಿತು. ಅವನು ಬೆರಳು ತೆಗೆದ. ಸಂಜೆ ಮಾಡಿದರಾಯಿತು ಅಂದುಕೊಂಡ. ಸಂಜೆ ಅವಳೇ ಫೋನ್ ಮಾಡಿದಳು. "ಏಮಂಡಿ, ಸೀಟು ಆಯ್ತಾ? ದಾರಿ ಪಕ್ಕದ್ದು ನನಗೆ ಅವಸರ." ಅವಳ ದನಿ ತಗ್ಗಿತ್ತು. ಹಿಂದೆ ಯಾರೋ ಇದ್ದಿರಬೇಕು. ಶೇಷಗಿರಿ ಎಂಥ ನಿರಾಳವಾದ ದನಿಯಲ್ಲಿ ಉತ್ತರ ಕೊಟ್ಟನೆಂದರೆ ಅದು ತನ್ನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ: "ಯಾಕಷ್ಟು ಅವಸರ? ಇನ್ನೂ ಟೈಮ್ ಐತೆ. ನಿಧಾನಕ್ಕೆ ನೋಡಿ ಮಾಡ್ತೀನಿ ಬಿಡು." ಅವಳು ಸರಿ ಅಂದಳು.

ಅಷ್ಟೇ. ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ಆಗ ಬಳಸಲಿಲ್ಲ. ಈಗ, ತುನಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ, ಮೊದಲ ಸಲ ಬಳಸಿದ. ಗುರುವಾರ ಪೂರ್ತಿ ಅವನು ಗಂಟೆಗೊಮ್ಮೆ ಫೋನ್ ತೆಗೆದು ಸೀಟುಗಳನ್ನು ನೋಡುತ್ತಿದ್ದ. ಐದಾದವು, ಮೂರಾದವು, ಮಧ್ಯಾಹ್ನದ ಊಟದ ಹೊತ್ತಿಗೆ ಒಂದೇ ಒಂದು ಉಳಿಯಿತು. ಆ ಒಂದನ್ನು ಅವನು ಇಪ್ಪತ್ತು ನಿಮಿಷ ನೋಡುತ್ತ ಕೂತ. ಯಾರೋ ತನಗೆ ಗುರುತಿಲ್ಲದ ಮನುಷ್ಯ ಬೇರೆ ಯಾವುದೋ ಊರಿನಲ್ಲಿ ಕೂತು ಅದನ್ನು ತೆಗೆದುಕೊಳ್ಳಲಿ, ಪಾಪ ಅವನ ಪಾಲಿಗೆ ಹೋಗಲಿ ಎಂದು ಕಾದ. ಮೂರು ಗಂಟೆಗೆ ಅದೂ ಹೋಯಿತು. ಕೂಡಲೇ ಅವನು, ಉಳಿದ ನಾಲ್ಕಾರು ನಡುಸೀಟುಗಳಲ್ಲಿ ಶೌಚಾಲಯಕ್ಕೆ ಹತ್ತಿರ ಎಂದು ನಲವತ್ತೆರಡು ಇ ಒತ್ತಿದ. ಹತ್ತಿರ ಇದ್ದರೇನು, ಪಕ್ಕದಲ್ಲಿ ಕೂತವನು ಏಳಬೇಕಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೀಟಿನ ಚೀಟಿಯನ್ನು ಅವಳ ಫೋನಿಗೆ ಕಳಿಸಿದ.

ತುನಿ ದಾಟಿದ ಮೇಲೆ ಶೇಷಗಿರಿಗೇ ಮೂತ್ರಕ್ಕೆ ಬಂತು. ಕ್ಯಾರಿಯರಿನಾಕೆ ಈಗ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಎಬ್ಬಿಸಬಾರದು, ತಡೆದುಕೋ, ಅವಳು ತಡೆದುಕೊಳ್ಳಬೇಕಾದ ಹಾಗೆ ನೀನೂ ತಡೆದುಕೋ ಎಂದು ತನಗೇ ಶಿಕ್ಷೆ ಹಾಕಿಕೊಂಡ. ಸಾಮರ್ಲಕೋಟೆಯವರೆಗೆ ಆ ಶಿಕ್ಷೆಯಲ್ಲಿ ಒಂದು ಸುಖವೂ ಇತ್ತು. ಆಮೇಲೆ ಸುಖವೆಲ್ಲ ಹೋಗಿ ಬರೀ ಕಿಬ್ಬೊಟ್ಟೆ ಉಳಿಯಿತು. ಹಣೆಯಲ್ಲಿ ಬೆವರು ಬಂತು, ತೊಡೆ ನಡುಗಿತು, ಗೋದಾವರಿಯ ಸೇತುವೆ ಬಂದು ಕೆಳಗೆ ಅಷ್ಟು ನೀರು ಕಂಡದ್ದೇ ತಡ ಅವನಿಗೆ ಆಗಲೇ ಇಲ್ಲ. ಆಕೆಯ ಕಾಲು ದಾಟಲು ಹೋಗಿ ಕ್ಯಾರಿಯರಿಗೆ ಮೊಣಕಾಲು ತಾಗಿ ಅದು ಉರುಳಿತು, ಪುಳಿಹೊರೆ ದಾರಿಯ ತುಂಬ ಚೆಲ್ಲಿತು. ಆಕೆ ಎಚ್ಚರವಾಗಿ ಕೂಗಾಡಿದಳು. ಅವನು ಕ್ಷಮಿಸಿ ಎನ್ನಲೂ ನಿಲ್ಲದೆ ಅನ್ನ ತುಳಿದುಕೊಂಡು ಓಡಿದ. ಎರಡೂವರೆ ಗಂಟೆ, ಅಷ್ಟೇ ಅವನ ಪ್ರಾಯಶ್ಚಿತ್ತ. ವಿಜಯವಾಡದವರೆಗೂ ಅವನು ಬಾಗಿಲ ಬಳಿಯೇ ನಿಂತಿದ್ದ.

ಅತ್ತೆಯ ಮನೆಯಲ್ಲಿ ಊಟಕ್ಕೆ ಅವನನ್ನೇ ಕಾಯುತ್ತಿದ್ದರು. ಗನ್ನವರಕ್ಕೆ ನಾಲ್ಕು ಗಂಟೆಗೆ ಟ್ಯಾಕ್ಸಿ ಹೇಳಿತ್ತು. ನಡುಮನೆಯಲ್ಲಿ ಹೈಮಾವತಿಯ ಪೆಟ್ಟಿಗೆ ಬೀಗ ಹಾಕಿ ನಿಂತಿತ್ತು. ಅವಳು ಅವನನ್ನು ಕಂಡು, "ಬಂದ್ರಾ, ಕೈ ತೊಳ್ಕೊಳ್ಳಿ," ಅಂದಳು, ಮಾಮೂಲಿನಂತೆ. ಬಡಿಸುವಾಗ ಬಾಮೈದ ಸೂರ್ಯಪ್ರಕಾಶ ಕುತೂಹಲದಿಂದ ಕೇಳಿದ, "ಬಾವಗಾರೂ, ಅಕ್ಕನಿಗೆ ಯಾವ ಸೀಟು ಹಿಡಿದಿರಿ? ಕಿಟಕಿನಾ?" ಶೇಷಗಿರಿ ಅನ್ನ ಕಲೆಸುತ್ತ ಇಲ್ಲ, ನಡುವಿನದು ಎಂದ. ಅತ್ತೆಯ ಕೈಯಲ್ಲಿ ಸಾರಿನ ಸೌಟು ನಿಂತಿತು. ನಡುವಿನದಾ, ಅಷ್ಟು ದೂರಕ್ಕಾ? ಅವನು ಬಾಯಿ ತೆರೆಯುವಷ್ಟರಲ್ಲಿ ಹೈಮಾವತಿ ತೆಲುಗಿನಲ್ಲಿ ತಾಯಿಗೆ ಹೇಳಿದಳು: ನಾನು ದಾರಿ ಪಕ್ಕದ್ದು ಅವಸರಂ ಅಂದೆನಮ್ಮಾ, ಇವರು ಮತ್ತೆ ಕನ್ನಡದಲ್ಲಿ ಕೇಳಿಸಿಕೊಂಡರು. ಒಂದು ಕ್ಷಣ ಬಿಟ್ಟು ಮನೆಯೆಲ್ಲ ನಕ್ಕಿತು. ಎಂಬತ್ತು ವರ್ಷದ ಕೋಟೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇಷ್ಟು ವರ್ಷವಾದರೂ ನಮ್ಮ ಅಲ್ಲುಡುಗಾರು ಬದಲಾಗಲಿಲ್ಲ ಎಂದು ಅವನ ಎಲೆಗೆ ಇನ್ನೊಂದು ವಡೆ ಹಾಕಿದರು. ಶೇಷಗಿರಿಯೂ ನಕ್ಕ. ಆ ನಗು ಬಾಯಿಂದ ಹೊರಡುವಾಗಲೇ ಅವನಿಗೆ ಅದರ ಮೇಲೆ ಅಸಹ್ಯವಾಯಿತು. ತಾನು ರೈಲಿನಲ್ಲಿ ಆರು ಗಂಟೆ ಹೊಂದಿಸಿಕೊಂಡು ಬಂದಿದ್ದ ಸುಳ್ಳನ್ನು ಅವಳೇ ಹೇಳಿಬಿಟ್ಟಿದ್ದಳು, ಅದೂ ತನಗಿಂತ ಚೆನ್ನಾಗಿ. ಅವಳು ಮಾತ್ರ ನಗಲಿಲ್ಲ. ಮಜ್ಜಿಗೆ ಬೇಕೇ ಎಂದು ತಮ್ಮನನ್ನು ಕೇಳುತ್ತಿದ್ದಳು.

ಊಟದ ಮೇಲೆ ಅವಳು ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯಲು ಹೋದಾಗ ಅವನು ಹಿಂದೆಯೇ ಹೋದ. "ಹೈಮಾ, ನನಗೆ ಗೊತ್ತಿತ್ತು," ಅಂದ.

"ಗೊತ್ತು," ಅಂದಳು ಅವಳು. ಟವೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ. "ಹದಿನೆಂಟು ವರ್ಷದಿಂದ ನಾನು ಮಾಡ್ತಿರೋ ಕೆಲ್ಸ ಏನು? ಸೋಲೋ ಹುಡುಗ ಕಳ್ಳಾಟ ಆಡಿದ್ರೆ ಹಿಡೀಬೋದು. ಎದುರಿಗಿರೋನು ಗಡಿಯಾರ ಒತ್ತೋಕೆ ಮರೆತಾಗ ಗೆಲ್ಲೋ ಹುಡುಗ ಸುಮ್ನೆ ಕೂತು ಅವನ ಗಡಿಯಾರ ಓಡೋಕೆ ಬಿಡ್ತಾನಲ್ಲ, ಅದು ತಪ್ಪು ಅನ್ನೋಕೆ ಯಾವ ರೂಲೂ ಇಲ್ಲ. ನೀವು ಅದನ್ನ ಮಾಡಿದ್ರಿ."

"ಹೊಟ್ಟೆಕಿಚ್ಚು ಬಂತು ಕಣೇ," ಅಂದ.

"ಬರ್ಲಿ. ನನಗೂ ಬಂದೈತೆ ಬೇಕಾದಷ್ಟು ಸಲ. ನಿಮ್ಮ ನಿದ್ದೆ ನೋಡಿದ್ರೆ ಬರುತ್ತೆ." ಅವಳು ಈಗ ತಿರುಗಿ ನೋಡಿದಳು. ಸಿಟ್ಟಿಗಿಂತ ಅವಳ ಮುಖದಲ್ಲಿ ಆಯಾಸವೇ ಹೆಚ್ಚಾಗಿ ಕಂಡಿತು. "ಆದ್ರೆ ಏಲೂರಿನ ವಿಷ್ಯ ನಿಮಗೊಬ್ರಿಗೇ ಹೇಳಿದ್ದೆ. ಅದನ್ನೇ ಹಿಡ್ಕೊಂಡು ಹೊಡೆದ್ರಲ್ಲ." ಬಟ್ಟೆಯ ರಾಶಿಯನ್ನು ಎದೆಗೊತ್ತಿಕೊಂಡು ದನಿ ತಗ್ಗಿಸಿದಳು. "ಈಗ ಅದೆಲ್ಲ ಇರ್ಲಿ. ಒಂದು ಕೆಲ್ಸ ಮಾಡಿ. ದೊಡ್ಡೋರ ಡೈಪರ್ ಸಿಗುತ್ತೆ, ಚಡ್ಡಿ ಥರ ಹಾಕ್ಕೊಳ್ಳೋದು. ಮೀಡಿಯಂ. ಒಂದು ಪ್ಯಾಕೆಟ್ ತನ್ನಿ. ಈ ಬೀದೀಲಿ ನಾನು ಹುಟ್ಟಿ ಬೆಳೆದೋಳು, ಮೂಲೆ ಅಂಗಡಿಗೆ ಹೋಗ್ಬೇಡಿ, ಮೇನ್ ರೋಡಿಗೆ ಹೋಗಿ. ಅಮ್ಮನಿಗೆ ತಿಳೀಬಾರ್ದು, ತಿಳಿದ್ರೆ ಇವತ್ತು ನನ್ನ ಕಳಿಸಲ್ಲ. ಯಾರ ಹತ್ರಾನೂ ನನ್ನ ಹೆಸ್ರು ಎತ್ತಬೇಡಿ."

ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಶೇಷಗಿರಿಗೆ ಒಂದು ಯೋಚನೆ ಬಂತು. ಯಾರಿಗೆ ಎಂದು ಅಂಗಡಿಯವನು ಕೇಳಿದರೆ ನನಗೇ ಎಂದುಬಿಡುತ್ತೇನೆ. ಅವಳ ನಾಚಿಕೆಯನ್ನು ನಾನು ಹೊತ್ತುಕೊಳ್ಳುತ್ತೇನೆ. ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವನ ನಡಿಗೆಯೇ ಬದಲಾಯಿತು, ಎರಡು ದಿನದಲ್ಲಿ ಮೊದಲ ಸಲ ಬೆನ್ನು ನೆಟ್ಟಗಾಯಿತು. ಹಾಗೆ ಹೇಳುವುದೇ ಆದರೆ ಮೇನ್ ರೋಡೇ ಏಕೆ, ಮೂಲೆಯ ಅಂಗಡಿಯಾದರೇನು? ಗೊತ್ತಿರುವವರ ಮುಂದೆ ಹೇಳಿದರೇ ತಾನೇ ಅದು ನಿಜವಾಗಿ ಹೊತ್ತುಕೊಂಡಂತೆ? ಹೀಗೆ ತನ್ನ ಒಳ್ಳೆಯತನಕ್ಕೆ ತಾನೇ ಮರುಳಾಗಿ ಅವನು ಮೂಲೆಯ ಮೆಡಿಕಲ್ ಶಾಪಿನ ಮುಂದೆ ನಿಂತ. ಅಲ್ಲಿ ಅತ್ತೆಯ ಪಕ್ಕದ ಮನೆಯ ಕನಕದುರ್ಗ ಎಂಬಾಕೆ ಬಿ.ಪಿ. ಮಾತ್ರೆ ಕೊಳ್ಳುತ್ತಿದ್ದರು. ಬಾಬೂ, ಯಾವಾಗ ಬಂದಿರಿ, ಹೈಮಾ ಇವತ್ತೇ ಅಲ್ಲವೇ ಹೊರಡುವುದು ಎಂದು ವಿಚಾರಿಸಿದರು. ಅವನು ತಲೆಯಾಡಿಸಿ, ಅಂಗಡಿಯವನಿಗೆ ಬೇಕಾದ್ದನ್ನು ಹೇಳಿದ. ಅಂಗಡಿಯವನು ಮಾಮೂಲಿ ದನಿಯಲ್ಲಿ, "ಪೇಷೆಂಟ್ ಎವರಂಡಿ?" ಎಂದು ಕೇಳಿದ, ಯಾರಿಗೆ ಎಂದು.

"ನಾಕೇ," ಅಂದ ಶೇಷಗಿರಿ. ನನಗೇ.

ಕನಕದುರ್ಗ ಥಟ್ಟನೆ ಮಾತ್ರೆಯ ಹಾಳೆಯನ್ನು ಓದತೊಡಗಿದರು. ಅಂಗಡಿಯವನು ಗಲ್ಲಾದ ಮೇಲಿನಿಂದ ಬಗ್ಗಿ ಅವನ ಸೊಂಟ ನೋಡಿ ಎಕ್ಸೆಲ್ ಪ್ಯಾಕೆಟ್ ತೆಗೆದಿಟ್ಟ. ಮೀಡಿಯಂ ಕೊಡಿ ಎಂದ ಶೇಷಗಿರಿ. ಮೀಡಿಯಂ ನಿಮಗೆ ಹಿಡಿಯುವುದಿಲ್ಲ ಸಾರ್. ಇಲ್ಲ, ಮೀಡಿಯಮ್ಮೇ. ಅಂಗಡಿಯವನು ಒಳ್ಳೆಯ ಮನುಷ್ಯ, ಗಿರಾಕಿ ಮೋಸ ಹೋಗಬಾರದೆಂದು ಡ್ರಾಯರಿನಿಂದ ಟೇಪು ತೆಗೆದು ಹೊರಗೇ ಬಂದ. ಶೇಷಗಿರಿ ಬೀದಿಯ ಕಡೆ ಮುಖ ಮಾಡಿ ಎರಡೂ ಕೈ ಎತ್ತಿ ನಿಂತ. ನಲವತ್ತೊಂದು ಎಂದು ಅವನು ಗಟ್ಟಿಯಾಗಿ ಓದಿದ. ಆದರೂ ಶೇಷಗಿರಿ ಮೀಡಿಯಮ್ಮನ್ನೇ ತೆಗೆದುಕೊಂಡ. ಬಿಚ್ಚಿದ ಮೇಲೆ ವಾಪಸಿಲ್ಲ ಎಂದು ಅಂಗಡಿಯವನು ಎರಡು ಸಲ ಹೇಳಿ, ಪ್ಯಾಕೆಟ್ಟನ್ನು ಕರಿ ಕವರಿನಲ್ಲಿ ಹಾಕಿ ಕೊಟ್ಟ. ಕನಕದುರ್ಗ ಯಾವಾಗ ಹೋದರೋ ಅವನು ನೋಡಲಿಲ್ಲ. ಅವನಿಗೆ ಅವಮಾನದಲ್ಲಿ ಕಿವಿ ಸುಡುತ್ತಿತ್ತು. ಆದರೆ ಅದು ಹಗುರಾದ ಅವಮಾನ, ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದವನಂತೆ ಅವನು ಮನೆಯ ಕಡೆ ನಡೆದ. ಬೇಕೆಂದೇ ಸ್ವಲ್ಪ ಸುತ್ತುಬಳಸಿ ಹೋದ. ತನ್ನ ಮೇಲೆ ತನಗೆ ಬಂದ ಆ ಮೆಚ್ಚುಗೆಯನ್ನು ಬೇಗ ಕಳೆದುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

ಅವನು ಮನೆಯೊಳಗೆ ಕಾಲಿಡುವ ಮೊದಲೇ ಕನಕದುರ್ಗ ಸುದ್ದಿ ಮುಟ್ಟಿಸಿ ಹೋಗಿದ್ದರು. ಕೋಟೇಶ್ವರಮ್ಮ ಪೆಟ್ಟಿಗೆಯ ಪಕ್ಕದ ದಿವಾನದ ಮೇಲೆ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಸೂರ್ಯಪ್ರಕಾಶ ಎದ್ದು ಬಂದು, ಜ್ವರದವರನ್ನು ಹಿಡಿದಂತೆ ಅವನ ತೋಳು ಹಿಡಿದು, "ಬಾವಗಾರೂ, ಮೊದಲೇ ಹೇಳಬಾರದಿತ್ತಾ? ನಮ್ಮ ಹತ್ತಿರ ಏನು ಸಂಕೋಚ?" ಅಂದ. ಬಚ್ಚಲಿನ ಬಾಗಿಲ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಅವನಿಗೆ ಅನುಕೂಲವಾಗಲಿ ಎಂದು ಸೂರ್ಯಪ್ರಕಾಶನೇ ಈಗ ತಂದು ಹಾಕಿದ್ದು. ಶೇಷಗಿರಿಗೆ ಇನ್ನೂ ಒಳಗೊಳಗೆ ಹಿತವೇ ಇತ್ತು. ಅವನು ಹೈಮಾವತಿಯ ಕಡೆ ನೋಡಿದ, ನೋಡಿದೆಯಾ ಎಂಬಂತೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಕೋಟೇಶ್ವರಮ್ಮ ಮಗಳಿಗೆ ಹೇಳಿದರು. ಕೂಗಾಡಲಿಲ್ಲ, ಮೆಲ್ಲಗೆ, ಇನ್ನು ಮಾತಿಲ್ಲ ಎನ್ನುವಂತೆ. ಗಂಡನಿಗೆ ಹೀಗಿದೆ, ಬಾಯಿ ಬಿಟ್ಟು ಹೇಳಿಕೊಳ್ಳದ ಮನುಷ್ಯ, ಇವರನ್ನು ಹನ್ನೆರಡು ದಿನ ಒಬ್ಬರನ್ನೇ ಬಿಟ್ಟು ನೀನು ಹೇಗೆ ಹೋಗುತ್ತೀಯೇ? ಆಟ ಇನ್ನೊಂದು ವರ್ಷ ಬರುತ್ತದೆ. ಸೂರ್ಯಂ, ಟ್ಯಾಕ್ಸಿಯವನಿಗೆ ಬೇಡ ಅಂತ ಹೇಳು. ಸೂರ್ಯಪ್ರಕಾಶ ಅಕ್ಕನನ್ನು ನೋಡಿ, ಬಾವನನ್ನು ನೋಡಿ, ಫೋನು ಕೈಗೆತ್ತಿಕೊಂಡ.

ಶೇಷಗಿರಿಗೆ ನೆಲ ಕಾಣಲಿಲ್ಲ. ಇಲ್ಲತ್ತೇ, ನನಗೇನೂ ಇಲ್ಲ, ಅದು... ಎಂದು ಶುರು ಮಾಡಿ ಅಲ್ಲಿಗೇ ನಿಂತ. ಮುಂದಿನ ಮಾತು ಅವಳದಾಗಿತ್ತು. ಅದನ್ನು ಹೇಳದಿದ್ದರೆ ಅವಳು ಹೋಗುವಂತಿಲ್ಲ. ಹೇಳಿದರೆ, ಹೇಳಬೇಡಿ ಎಂದದ್ದನ್ನೇ ಹೇಳಿದಂತೆ. ಅವನ ಕೈಯ ಕರಿ ಕವರು ಬೆವರಿಗೆ ಅಂಟಿಕೊಂಡಿತ್ತು. ಹೊಟ್ಟೆಕಿಚ್ಚಿನಿಂದ ಮಾಡಿದ್ದು ಅವಳಿಗೆ ಅಡ್ಡ ಬಂತು, ಪ್ರೀತಿಯಿಂದ ಮಾಡಿದ್ದು ಅದಕ್ಕಿಂತ ಹೆಚ್ಚು ಅಡ್ಡ ಬಂತು. ಹೈಮಾವತಿ ಅವನು ಮಾತು ಮುಗಿಸಲಿ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ನಾಲ್ಕು ಹೆಜ್ಜೆ ಬಂದು ಕವರನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡು, ಪ್ಯಾಕೆಟ್ಟನ್ನು ಹೊರಗೆ ತೆಗೆದು ಮೀಡಿಯಂ ಎಂದು ಬರೆದದ್ದನ್ನು ನೋಡಿದಳು. "ನಾಕಮ್ಮಾ," ಅಂದಳು ತಾಯಿಗೆ. ನನಗಮ್ಮಾ, ಇವರಿಗಲ್ಲ. ನಾಲ್ಕು ವರ್ಷದಿಂದ. ತಮ್ಮ ಅಲ್ಲೇ ನಿಂತಿದ್ದ, ತೆರೆದ ಬಾಗಿಲಲ್ಲಿ ಕನಕದುರ್ಗ ಒಂದು ತಟ್ಟೆ ಹಣ್ಣು ಹಿಡಿದು ನಿಂತಿದ್ದರು. ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲಿ, ಒಂದು ಮಾತೂ ನುಂಗದೆ ಅವಳು ಹೇಳಿದಳು: ತಡೆಯೋಕೆ ಆಗಲ್ಲ. ಏಲೂರಿನಲ್ಲಿ ಎಲ್ಲರ ಮುಂದೆ ಕುರ್ಚಿಯಲ್ಲೇ ಆಗಿತ್ತು. ಆದರೂ ಹೋಗ್ತೀನಿ.

ಕೋಟೇಶ್ವರಮ್ಮ ಕಾಲು ಹಿಂದಕ್ಕೆಳೆದು ಪೆಟ್ಟಿಗೆಗೆ ದಾರಿ ಬಿಟ್ಟರು. ಸೂರ್ಯಪ್ರಕಾಶ ಫೋನನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಗಡಿಯಾರ ನೋಡಿದ. ಹೈಮಾವತಿ ಬಗ್ಗಿ ಪೆಟ್ಟಿಗೆಯ ಮೇಲಿದ್ದ ಕೈಚೀಲದ ಜಿಪ್ಪು ಎಳೆದು, ಪ್ಯಾಕೆಟ್ ಹರಿದು, ಒಂದೊಂದನ್ನೇ ಎಣಿಸಿ ಒಳಗಿಟ್ಟಳು. ಎಲ್ಲರೂ ನೋಡುತ್ತಿದ್ದರು, ಅವಳು ಯಾರನ್ನೂ ನೋಡಲಿಲ್ಲ. ಜಿಪ್ಪು ಮುಚ್ಚಿದ ಮೇಲೆ ತಲೆ ಎತ್ತಿ, ನಡುಮನೆಯ ಮಧ್ಯೆ ಖಾಲಿ ಕೈಯಲ್ಲಿ ನಿಂತಿದ್ದ ಗಂಡನಿಗೆ ಕನ್ನಡದಲ್ಲಿ, ಬೇರೆ ಯಾರಿಗೂ ಅಲ್ಲದ ದನಿಯಲ್ಲಿ ಹೇಳಿದಳು.

"ಸಾಕು ನಿಂತಿದ್ದು. ಕೂತ್ಕೊಳ್ಳಿ."

ಶೇಷಗಿರಿ ಸುತ್ತ ನೋಡಿದ. ಸೋಫಾದ ತುಂಬ ಅವಳ ಸಾಮಾನು ಇತ್ತು. ದಿವಾನದ ಮೇಲೆ ಅತ್ತೆ ಕೂತಿದ್ದರು. ಅವನು ನಿಧಾನವಾಗಿ ಹೋಗಿ ಬಚ್ಚಲ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.